ನಮಗಿಂತ ಮೊದಲು ಹೊರಟ ಗಂಟು

ಕಾರ್ತಿಕದ ಒಂದು ಸೋಮವಾರ, ಬೆಳಿಗ್ಗೆ ಆರು ಗಂಟೆ ಮೂವತ್ತು ನಿಮಿಷ. ಸ್ಥಳ: ರಾಯಚೂರಿನ ನನ್ನ ಮನೆಯ ಪಡಸಾಲೆ. ಹಾಜರಿದ್ದವರು: ನಾನು, ಹಿಂದಿನ ಸಂಜೆ ಚೀಕಲಪರ್ವಿಯಿಂದ ಬಂದಿಳಿದ ನನ್ನ ತಂಗಿ ಶಾಂತವ್ವ, ಪಕ್ಕದ ಮನೆಯ ರಹಮತ್‌ಬೀ. ರಹಮತ್‌ಬೀ ಬಂದದ್ದು ಹಾಲಿಗೆ ಹೆಪ್ಪು ಕೇಳಲು. ಹೆಪ್ಪು ಕೈಗೆ ಬಂದ ಮೇಲೂ ಬಾಗಿಲಿಗೆ ಒರಗಿ ನಿಂತೇ ಇದ್ದುದರಿಂದ ಅವರನ್ನೂ ಹಾಜರಿಗೆ ಸೇರಿಸಿದ್ದೇನೆ. ವಿಷಯ: ಮರುದಿನ ಮಂಗಳವಾರ ಬೆಳಿಗ್ಗೆ ಐದಕ್ಕೆ ಅಕ್ಕ ತಂಗಿ ಇಬ್ಬರೂ ಬಾಡಿಗೆ ಕಾರಿನಲ್ಲಿ ಹೊರಟು, ಮೊದಲು ದಾಂಡೇಲಿಯ ಕಾಡು, ಆಮೇಲೆ ಕಾರವಾರದ ಸಮುದ್ರ ನೋಡಿ ಬರುವುದು.

ಹೀಗೆ ಬರೆದಿಡುವುದು ನನ್ನ ಚಟ. ದೇವದುರ್ಗದ ಹೆಣ್ಣುಮಕ್ಕಳ ವಸತಿ ನಿಲಯವೊಂದರಲ್ಲಿ ಮೂವತ್ತೈದು ವರ್ಷ ಮೇಲ್ವಿಚಾರಕಿಯಾಗಿದ್ದೆ. ನಾಲ್ಕೂವರೆಗೆ ಗಂಟೆ, ಐದಕ್ಕೆ ಓದು, ಏಳಕ್ಕೆ ಉಪ್ಪಿಟ್ಟು, ರಾತ್ರಿ ಒಂಬತ್ತಕ್ಕೆ ದೀಪ ಬಂದ್. ನಿವೃತ್ತಿಯಾಗಿ ಒಂಬತ್ತು ವರ್ಷವಾದರೂ ಈಗಲೂ ನಾಲ್ಕೂವರೆಗೆ ಕಣ್ಣು ತೆರೆಯುತ್ತದೆ. ಎಬ್ಬಿಸಲು ಮನೆಯಲ್ಲಿ ಯಾರೂ ಇಲ್ಲವಲ್ಲ ಎಂದು ಒಂದು ಗಳಿಗೆ ಬೇಸರವಾಗುತ್ತದೆ. ಆಮೇಲೆ ನನ್ನನ್ನೇ ಗದರಿಸಿ ಎಬ್ಬಿಸಿಕೊಳ್ಳುತ್ತೇನೆ. ನಾನು ಮದುವೆ ಯಾಕೆ ಆಗಲಿಲ್ಲ ಎಂದು ಓಣಿಗೆ ಹೊಸದಾಗಿ ಬಂದವರು ಕೇಳಿದರೆ ರಹಮತ್‌ಬೀಯೇ ಉತ್ತರ ಕೊಟ್ಟುಬಿಡುತ್ತಾರೆ: “ಅಕ್ಕೋರು ವರಗ ಐದಕ್ಕ ಬಾ ಅಂದಿದ್ರು. ಅಂವ ಐದೂವರಿಗೆ ಬಂದ.” ಇದು ಶುದ್ಧ ಸುಳ್ಳು. ಅವನು ಬಂದದ್ದು ಆರಕ್ಕೆ.

ಇರಲಿ. ಆ ಬೆಳಿಗ್ಗೆ ಚೀಲದ ಬೀಗಕ್ಕೆಂದು ಹಳೆಯ ಟ್ರಂಕಿನಲ್ಲಿ ಕೈಯಾಡಿಸುವಾಗ ಒಂದು ಹಿತ್ತಾಳೆಯ ಸೀಟಿ ಸಿಕ್ಕಿತು. ವಸತಿ ನಿಲಯದಲ್ಲಿ ನನ್ನ ಕೊರಳಲ್ಲಿ ಸದಾ ತೂಗಾಡುತ್ತಿದ್ದ ಸೀಟಿ. ಮಕ್ಕಳು ಅದಕ್ಕೆ ನನ್ನ ತಾಳಿ ಎಂದು ಹೆಸರಿಟ್ಟಿದ್ದರೆಂದು ನನಗೆ ಗೊತ್ತಾದದ್ದು ಬೀಳ್ಕೊಡುಗೆಯ ದಿನ. ಅದನ್ನು ಸೆರಗಿನಿಂದ ಒರೆಸುತ್ತಿದ್ದೆ. ಶಾಂತವ್ವ ನೋಡಿದಳು. ನೋಡಿ, ಬುತ್ತಿಯ ರೊಟ್ಟಿ ಎಣಿಸುವುದನ್ನು ಮುಂದುವರಿಸಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಅದಕ್ಕೆ ನಲವತ್ತು ವರ್ಷ ವಯಸ್ಸಾಗಿದೆ.

ನಾನು ಕೆಲಸಕ್ಕೆ ಸೇರಿದ ಮೂರನೆಯ ವರ್ಷ ನಿಲಯದ ಹುಡುಗಿಯರನ್ನು ಕಾರವಾರಕ್ಕೆ ಪ್ರವಾಸ ಕರೆದೊಯ್ಯುವುದೆಂದು ನಿಶ್ಚಯವಾಯಿತು. ಮೂವತ್ತೆರಡು ಹುಡುಗಿಯರು. ಬಸ್ಸಿನಲ್ಲಿ ಒಂದು ಸೀಟು ಉಳಿದಿತ್ತು. ಶಾಂತವ್ವನಿಗೆ ಆಗಷ್ಟೇ ಮದುವೆಯಾಗಿತ್ತು. ನೀರೆಂದರೆ ಚೀಕಲಪರ್ವಿಯ ತುಂಗಭದ್ರೆ, ಅದರಾಚೆ ಇನ್ನೊಂದು ದಂಡೆ ಇದ್ದೇ ಇರಬೇಕು ಎಂದು ನಂಬಿದವಳು. ದಂಡೆಯೇ ಇಲ್ಲದ ನೀರು ತೋರಿಸುತ್ತೇನೆ, ಬಾ ಎಂದು ಬರೆದೆ. ಹಿಂದಿನ ದಿನವೇ ದೇವದುರ್ಗಕ್ಕೆ ಬಂದು ಸೋದರತ್ತೆಯ ಮನೆಯಲ್ಲಿ ಉಳಿದಳು. ಬಸ್ಸು ಐದಕ್ಕೆ. ಐದಾಯಿತು. ಅವಳು ಬರಲಿಲ್ಲ. ನಾನು ಕೈಗಡಿಯಾರ ನೋಡಿದೆ, ಸೀಟಿ ಊದಿದೆ, ಬಸ್ಸು ಹೊರಟಿತು. ಅವಳು ಓಣಿಯ ತಿರುವಿನವರೆಗೆ ಓಡಿ ಬಂದಿದ್ದಳಂತೆ. ಸೀಟಿ ಕೇಳಿತಂತೆ. ಬಸ್ಸಿನ ಬೆನ್ನು ಕಂಡಿತಂತೆ. ತಡವಾದದ್ದು ಯಾಕೆಂದರೆ, ನನಗೆ ಇಷ್ಟವೆಂದು ಇನ್ನೂ ನಾಲ್ಕು ಸಜ್ಜೆ ರೊಟ್ಟಿ ಬಡಿಯುತ್ತ ಕುಳಿತಿದ್ದಳು.

ವಾರದ ಮೇಲೆ ಅವಳು ಕೇಳಿದ್ದು ಒಂದೇ ಮಾತು: “ಹೆಂಗಿತ್ತಕ್ಕಾ ಸಮುದ್ರ?”

“ಎಲ್ಲಾ ಸರಿ ಇತ್ತು. ಮೂವತ್ತೆರಡೂ ಮಂದಿ ವಾಪಸ್ ಬಂದ್ರು,” ಎಂದೆ.

ನಗಬೇಡಿ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ. ದಂಡೆಯ ಮೇಲೆ ಇದ್ದಷ್ಟು ಹೊತ್ತೂ ನಾನು ಸಮುದ್ರಕ್ಕೆ ಬೆನ್ನು ಹಾಕಿ ತಲೆ ಎಣಿಸುತ್ತಿದ್ದೆ.

ಆ ಮೇಲೆ ಯಾವ ಮದುವೆಯಲ್ಲಿ, ಯಾವ ಬಸುರಿಯ ಕುಪ್ಪಸದ ಕಾರ್ಯದಲ್ಲಿ ಹೆಂಗಸರು ಸೇರಿದರೂ ಶಾಂತವ್ವ ಈ ಕತೆ ಹೇಳುತ್ತಾಳೆ. ಬೈಯುವುದಿಲ್ಲ. ನಗುನಗುತ್ತ ಹೇಳುತ್ತಾಳೆ. ಬೈದಿದ್ದರೆ ಒಂದು ಸಲ ಜಗಳವಾಡಿ ಮುಗಿಸಬಹುದಿತ್ತು. ಈ ವರ್ಷ ನಾನೇ ಹೇಳಿದೆ: ನಡಿ, ಕರಕೊಂಡು ಹೋಗ್ತೀನಿ.

ಯೋಜನೆ ಮೂರು ವಾರ ನಡೆಯಿತು. ಸಮುದ್ರ ಅವಳದ್ದಾದರೆ, ಕಾಡು ನನ್ನದು. ನಿಲಯದ ಗೋಡೆಯ ಮೇಲೆ ಕಾಡುಪ್ರಾಣಿಗಳ ಒಂದು ಚಿತ್ರಪಟ ಇತ್ತು. ಮೂವತ್ತೈದು ವರ್ಷ ಅದಕ್ಕೆ ಬೆತ್ತ ಇಟ್ಟು ‘ಇದು ಕಾಡೆಮ್ಮೆ, ಇದು ಕರಿಚಿರತೆ’ ಎಂದು ಹೇಳಿದ್ದೇನೆ. ನಾನು ಸ್ವತಃ ಕಂಡದ್ದು ಮಂಗ, ನವಿಲು ಮಾತ್ರ. ಅಲ್ಲದೆ ಸಫಾರಿಯ ನಿಯಮಗಳನ್ನು ಓದಿದ ಕೂಡಲೆ ನನಗೆ ಅದರ ಮೇಲೆ ಪ್ರೀತಿ ಹುಟ್ಟಿತು. ಬೆಳಿಗ್ಗೆ ಆರಕ್ಕೆ ಗೇಟಿನಲ್ಲಿ ಹಾಜರಿರಬೇಕು. ಗದ್ದಲ ಮಾಡಬಾರದು. ಜೀಪಿನಿಂದ ಇಳಿಯಬಾರದು. ಯಾರಿಗೂ ತಿನ್ನಲು ಕೊಡಬಾರದು. ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ ಬೇಡ. ಮೂಲ ಗುರುತಿನ ಚೀಟಿ ಕಡ್ಡಾಯ. ನನ್ನ ವಸತಿ ನಿಲಯದ ನಿಯಮಾವಳಿಯನ್ನು ಯಾರೋ ಕದ್ದೊಯ್ದು ಕಾಡಿಗೆ ಅಂಟಿಸಿದಂತಿತ್ತು.

ಶಾಂತವ್ವನಿಗೆ ಇದೊಂದೂ ಒಪ್ಪಿಗೆಯಾಗಲಿಲ್ಲ. “ನಾವು ಬರೋದು ಹುಲಿಗೆ ತಿಳಿಸ್ಯಾರೇನು?” ಎಂದು ಫೋನಿನಲ್ಲಿ ಕೇಳಿದಳು.

“ಹುಲಿ ಕಾಣಬಹುದು, ಕಾಣದs ಇರಬಹುದು ಅಂತ ಬರದಾರ.”

“ಹಂಗಾದ್ರ ಮನ್ಯಾಗ ಕುಂತರೂ ಅಷ್ಟs ಅಲ್ಲ? ನಮ್ಮೂರ ಹೊಳ್ಯಾಗ ಮಸಳಿ ಅವ. ದಂಡಿಗೆ ಬಂದು ಬಾಯಿ ತಕ್ಕೊಂಡು ಮಲಗಿರ್ತಾವ. ಚೀಟಿ ಬ್ಯಾಡ, ಗೇಟು ಬ್ಯಾಡ. ಕೆಂಪು ಸೀರಿ ಉಟಗೊಂಡು ಹೋದ್ರೂ ಏನೂ ಅನ್ನಂಗಿಲ್ಲ.”

ಕೆಂಪು ಸೀರೆಯ ಮಾತು ಬಂದದ್ದು ಯಾಕೆಂದರೆ ಅವಳ ಒಳ್ಳೆಯ ಸೀರೆಗಳೆಲ್ಲ ಕೆಂಪು. ಕೊನೆಗೆ ಬೂದುಬಣ್ಣದ ನನ್ನ ಸೀರೆಯೊಂದನ್ನು ಕಾಡಿಗೆ ಉಡಲು ಒಪ್ಪಿದಳು. ಕಾಡು ಮೊದಲು, ಸಮುದ್ರ ಆಮೇಲೆ ಎಂಬುದಕ್ಕೂ ಒಪ್ಪಿದಳು, ದಾರಿ ಹಾಗೆಯೇ ಇರುವುದರಿಂದ. ಆದರೆ ಒಪ್ಪುವಾಗ “ನೋಡಕ್ಕಾ, ಕಾಡಿನ ಸಲುವಾಗಿ ಸಮುದ್ರ ಬಿಟ್ಟೀ ಮತ್ತ!” ಎಂದದ್ದು ಚುಚ್ಚಿತು. ಶನಿವಾರ ಅವರ ಹೊಲಕ್ಕೆ ಭತ್ತ ಕೊಯ್ಯುವ ಯಂತ್ರ ಬರುವುದಿತ್ತು. ಅದರ ಮೇಲೆ ಎಮ್ಮೆ ಈಯುವುದಿತ್ತು. ಆಮೇಲೆ ಮೊಮ್ಮಗಳ ಮದುವೆ. ಅವಳಿಗೆ ಸಿಕ್ಕದ್ದು ಈ ನಾಲ್ಕೇ ದಿನ. ಸಫಾರಿಯ ಜೀಪಿನಲ್ಲಿ ಜಾಗ ಸಿಕ್ಕದ್ದು ಬುಧವಾರ ಬೆಳಿಗ್ಗೆಗೆ. ಹಾಗಾಗಿ ಮಂಗಳವಾರ ಹೊರಡಲೇಬೇಕು.

ಸೋಮವಾರದ ಸಭೆಯಲ್ಲಿ ಕೋಲಾಹಲ ಎದ್ದದ್ದು ಇದೇ ಮಂಗಳವಾರಕ್ಕೆ. ಮೂರು ವಾರ ಸುಮ್ಮನಿದ್ದವಳು ಆವತ್ತು ರೊಟ್ಟಿ ಎಣಿಸುವುದನ್ನು ನಿಲ್ಲಿಸಿ, “ಅಕ್ಕಾ, ನಾಳೆ ಮಂಗಳವಾರ. ಮಂಗಳವಾರ ನಾ ಹೊಸ್ತಲಾ ದಾಟಂಗಿಲ್ಲ,” ಎಂದಳು.

“ಇಷ್ಟು ದಿನ ಏನು ಮಾಡಿದಿ?”

“ಊರು ಬಿಡೋತನಕ ತಾರೀಖು ಇತ್ತು. ಈಗ ವಾರ ಆತು.”

ಪರಿಹಾರವನ್ನೂ ಅವಳೇ ತಂದಿದ್ದಳು. ಊರ ಅಯ್ಯನವರನ್ನು ಕೇಳಿಕೊಂಡೇ ಬಂದಿದ್ದಳು. ಹೊರಡುವ ದಿನ ಸರಿಯಿಲ್ಲದಿದ್ದರೆ ಹಿಂದಿನ ದಿನ ಒಳ್ಳೆಯ ಗಳಿಗೆ ನೋಡಿ ಪ್ರಸ್ಥಾನ ಇಡಬೇಕು. ಎಂದರೆ, ನಮ್ಮ ಪರವಾಗಿ ಒಂದು ಗಂಟನ್ನು ಹೊಸ್ತಿಲು ದಾಟಿಸಿ ಬೇರೆಯವರ ಮನೆಯಲ್ಲಿ ಇಡಬೇಕು. ಅಲ್ಲಿಗೆ ನಾವು ಹೊರಟಂತೆ. ಮರುದಿನ ಯಾವ ವಾರವಾದರೂ ಚಿಂತೆಯಿಲ್ಲ, ಗಂಟನ್ನು ಎತ್ತಿಕೊಂಡು ಮುಂದೆ ಹೋಗುವುದು. ನಿಯಮ ಎರಡು: ಗಂಟನ್ನು ನಡುವೆ ಬಿಚ್ಚುವಂತಿಲ್ಲ, ತಿರುಗಿ ಮನೆಗೆ ತರುವಂತಿಲ್ಲ. ತಂದರೆ ಪಯಣ ಮುರಿಯಿತು.

“ನಮ್ಮ ಮನ್ಯಾಗ ಇಡ್ರಿ,” ಎಂದರು ರಹಮತ್‌ಬೀ ಹೆಪ್ಪಿನ ಬಟ್ಟಲು ಹಿಡಿದುಕೊಂಡೇ. “ಹತ್ತು ಹೆಜ್ಜಿ ಅದ. ನಿಮ್ಮ ಗಂಟು, ನನ್ನ ಜಿಮ್ಮಾ.”

ಶಾಂತವ್ವ ಒಂದು ಬಟ್ಟೆ ಹಾಸಿ ತನ್ನದೊಂದು ಕೆಂಪು ಸೀರೆ, ಹಿಡಿ ಅಕ್ಕಿ, ಅಡಿಕೆ, ಅರಿಶಿನದ ಕೊಂಬು ಇಟ್ಟಳು. “ನಿಂದೂ ಏನರ ಇಡಕ್ಕಾ. ಅದು ಇಲ್ಲಂದ್ರ ನೀ ಹೋಗಾಕs ಆಗಬಾರದು, ಅಂಥಾದ್ದು.”

ಈಗ ನನ್ನ ತಪ್ಪಿಗೆ ಬಂದೆ. ಬೇರೆ ಯಾರಾದರೂ ಆಗಿದ್ದರೆ ಒಂದು ಕರವಸ್ತ್ರ ಇಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ನನಗೆ ಲೆಕ್ಕಕ್ಕೆ ಮಾತ್ರ ಪಾಲಿಸುವ ನಿಯಮ ಆಗಿಬರುವುದಿಲ್ಲ. ಪಾಲಿಸಿದರೆ ಪೂರ್ತಿ ಪಾಲಿಸಬೇಕು. ಯಾವುದಿಲ್ಲದೆ ಹೋಗಲಾಗದು ಎಂದು ಯೋಚಿಸಿದೆ. ನೀಲಿ ಫೈಲು. ಅದರಲ್ಲಿ ಇಬ್ಬರ ಮೂಲ ಗುರುತಿನ ಚೀಟಿ, ಸಫಾರಿಯ ಚೀಟಿ, ಕಾರವಾರದ ಕೋಣೆಯ ಚೀಟಿ. ಇಟ್ಟುಬಿಟ್ಟೆ. ಶಾಂತವ್ವ ಅರಿಶಿನದ ದಾರದಿಂದ ಗಂಟು ಬಿಗಿದಳು. ಅಯ್ಯನವರು ಹೇಳಿದ ಗಳಿಗೆಗೆ, ಒಂಬತ್ತೂ ಹದಿನೈದಕ್ಕೆ, ಅದು ಹೊಸ್ತಿಲು ದಾಟಿತು. ನನ್ನ ಕೆಲಸಗಳ ಪಟ್ಟಿಯಲ್ಲಿ ಗುರುತು ಹಾಕಿದೆ.

ಮಧ್ಯಾಹ್ನ ನಾಲ್ಕಕ್ಕೆ ನನ್ನ ಪಟ್ಟಿಯಲ್ಲಿ ‘ಕಾಗದಪತ್ರ ಕೊನೆಯ ತಪಾಸಣೆ’ ಎಂದಿತ್ತು. ನಾನೇ ಬರೆದದ್ದು. ಕಾಗದಪತ್ರ ಗಂಟಿನಲ್ಲಿ, ಗಂಟು ಬಿಚ್ಚುವಂತಿಲ್ಲ, ತಪಾಸಣೆ ಬಿಡುವಂತಿಲ್ಲ. ಕನಿಷ್ಠ ಗಂಟು ಇದ್ದಲ್ಲಿ ಇದೆಯೇ ಎಂದು ನೋಡಿಬರೋಣ ಎಂದು, ರಹಮತ್‌ಬೀಗೆ ಸೇರದ ಒಂದು ತಟ್ಟೆಯನ್ನು ‘ನಿಮ್ಮದಾ ನೋಡ್ರಿ’ ಎಂದು ಕೇಳುವ ನೆವದಲ್ಲಿ ಹಿಡಿದು ಹೋದೆ. ಅವರ ಬಾಗಿಲಿಗೆ ಅಂಗೈಯಗಲದ ಬೀಗ ಬಿದ್ದಿತ್ತು.

ತಟ್ಟೆ ಹಿಡಿದುಕೊಂಡೇ ಫೋನು ಮಾಡಿದೆ. ಆ ಕಡೆ ಬಸ್ಸಿನ ಸದ್ದು.

“ಅರೆ ಅಕ್ಕೋರ! ಮಾನ್ವಿಗೆ ಹೊಂಟೀನ್ರಿ. ಮಗಳಿಗೆ ಹೆರಗಿ ಬ್ಯಾನಿ ಶುರು ಆಗ್ಯಾವಂತ ಫೋನ್ ಬಂತು. ಉಟ್ಟ ಸೀರಿ ಮ್ಯಾಲೆ ಓಡಿ ಬಂದೀನಿ. ಚಾಳೀಸು ಸುದ್ದಾ ಮರತು ಬಂದೆ.”

“ಒಳ್ಳೇದಾಗಲಿ ರಹಮತ್‌ಬೀ. ಗಂಟು ಮನ್ಯಾಗ ಎಲ್ಲಿ ಅದರೀ?”

“ಮನ್ಯಾಗ? ತೌಬಾ! ಅಮಾನತ್ ಅಲ್ಲೇನ್ರಿ ಅದು? ಒಬ್ಬರು ನಂಬಿ ಕೊಟ್ಟ ಸಾಮಾನು ಖಾಲಿ ಮನ್ಯಾಗ ಬಿಟ್ಟು ಹ್ಯಾಂಗ ಬರಲಿ? ನನ್ನ ತೊಡಿ ಮ್ಯಾಲೆ ಅದ. ಫಿಕರ್ ಮಾಡಬ್ಯಾಡ್ರಿ.”

ತಮ್ಮ ಕನ್ನಡಕ ಬಿಟ್ಟು ನಮ್ಮ ಗಂಟು ಹೊತ್ತೊಯ್ದವರಿಗೆ ಏನನ್ನಬೇಕು? ನಮ್ಮ ಪದ್ಧತಿಯಲ್ಲಿ ಆ ಗಂಟು ನಮ್ಮ ಮನೆಯಲ್ಲಿ ಇರಬಾರದು. ಅವರ ಪದ್ಧತಿಯಲ್ಲಿ ಅದನ್ನು ಒಂಟಿಯಾಗಿ ಬಿಡಬಾರದು. ಎರಡೂ ನಿಯಮಗಳನ್ನು ಎರಡೂ ಮನೆಯವರು ಚಾಚೂ ತಪ್ಪದೆ ಪಾಲಿಸಿದ್ದರಿಂದ ನಮ್ಮ ಗುರುತಿನ ಚೀಟಿಗಳು ಈಗ ಕಿಟಕಿ ಪಕ್ಕದ ಸೀಟಿನಲ್ಲಿ ಕುಳಿತು ಮಾನ್ವಿಗೆ ಹೋಗುತ್ತಿದ್ದವು.

ಶಾಂತವ್ವನಿಗೆ ಹೇಳಿದೆ. “ಈಗಿಂದೀಗ ಹೋಗಿ ತರ್ತೀನಿ.”

“ಮನಿಗೆ ತರತೀಯೇನು? ತಂದ್ರ ಪಯಣ ಮುರೀತು.”

“ಮಾನ್ವಿ ನಾಳೆ ನಮ್ಮ ದಾರ್ಯಾಗs ಅದ. ಅಲ್ಲೇ ಇರಲಿ ಅಂದ್ರ, ಹೆರಗಿ ಬ್ಯಾನಿ ಮಾತು. ದೊಡ್ಡ ದವಾಖಾನಿಗೆ ಹೋಗ್ರಿ ಅಂದ್ರ ಅವರು ಗಂಟು ತೊಗೊಂಡು ಬಳ್ಳಾರಿಗರ ಹೋದಾರು. ಆ ಚೀಟಿ ಇಲ್ಲಂದ್ರ ಗೇಟಿನ್ಯಾಗ ನಿಂದರಸ್ತಾರ. ಕಾಗದ ಕೈಯಾಗ ಇಲ್ಲದs ನಾ ಎಂದೂ ಹೊಂಟಿಲ್ಲ.”

ಅವಳು ಜಗಳಕ್ಕೆ ಬರಲಿಲ್ಲ. ಕಟ್ಟಿಟ್ಟ ಬುತ್ತಿಯ ಹತ್ತಿರ ಕುಳಿತು, ರೊಟ್ಟಿ ಸುತ್ತಿದ ಬಟ್ಟೆಯ ಗಂಟು ಬಿಚ್ಚತೊಡಗಿದಳು.

“ಏನು ಮಾಡಾಕತ್ತೀ?”

“ಕಟ್ಟಿಟ್ಟರ ಮೆತ್ತಗಾಗತಾವ. ಬಿಡಕ್ಕಾ. ನೀ ಒಬ್ಬಾಕಿ ಹುಲಿ ನೋಡಿ ಬಾ. ಸಮುದ್ರ ನನ್ನ ಹಣ್ಯಾಗ ಇಲ್ಲ.”

ನಗುತ್ತಲೇ ಅಂದಳು. ನಾನು ನಾಲ್ಕೂ ನಲವತ್ತರ ಬಸ್ಸು ಹಿಡಿದೆ.

ಮಾನ್ವಿ ಮುಟ್ಟಿದಾಗ ಆರು. ರಸ್ತೆಗೆ ಹೊಂದಿಕೊಂಡೇ ಇದ್ದ ಆಸ್ಪತ್ರೆಯ ಬೆಂಚಿನ ಮೇಲೆ ರಹಮತ್‌ಬೀ ಕುಳಿತಿದ್ದರು. ಒಂದು ಕೈಯಲ್ಲಿ ಜಪಮಣಿ, ಇನ್ನೊಂದು ಕೈ ಗಂಟಿನ ಮೇಲೆ. ನನ್ನನ್ನು ಕಂಡು ಎದ್ದು ನಿಂತರು. ಮಾತಾಡುವ ಮೊದಲೇ ಒಳಗಿಂದ ಕರೆ ಬಂತು.

“ಅಕ್ಕೋರ, ಖುದಾ ಕಳಿಸಿದಂಗ ಬಂದ್ರಿ. ಹಿಡೀರಿ ಇದನ್ನ. ನೆಲಕ್ಕ ಇಡಬ್ಯಾಡ್ರಿ ಮತ್ತ!” ಎಂದು ನನ್ನ ಗಂಟನ್ನು ನನಗೇ ಜೋಪಾನ ಹೇಳಿ ಕೊಟ್ಟು ಒಳಗೋಡಿದರು.

ಬೆಂಚಿನ ಮೇಲೆ ಒಬ್ಬಳೇ ಕುಳಿತೆ. ಗಂಟು ತೊಡೆಯ ಮೇಲೆ. ದಾರ ಸಡಿಲಿಸಿ, ಫೈಲು ತೆಗೆದು, ಮತ್ತೆ ಬಿಗಿಯಲು ಅರ್ಧ ನಿಮಿಷ ಸಾಕು. ನೂರಾರು ಹುಡುಗಿಯರ ಟ್ರಂಕುಗಳನ್ನು ಅವರಿಗೆ ತಿಳಿಯದಂತೆ ತಪಾಸಣೆ ಮಾಡಿದ ಕೈ ಇದು. ಗಂಟಿನ ಸಂದಿಯಲ್ಲಿ ಕೆಂಪು ಸೀರೆಯ ಅಂಚು ಕಾಣುತ್ತಿತ್ತು. ಶಾಂತವ್ವ ಹಾಕಿದ ಗಂಟು: ಒಂದರ ಮೇಲೊಂದು ಮೂರು, ಬುತ್ತಿಗೆ ಹಾಕುವಂಥದ್ದೇ. ದೇವದುರ್ಗದ ಓಣಿಯ ತಿರುವಿನಲ್ಲಿ ಅವಳ ಕಂಕುಳಲ್ಲಿದ್ದ ರೊಟ್ಟಿಯ ಗಂಟೂ ಹೀಗೇ ಇದ್ದಿರಬೇಕು. ಅದನ್ನು ಬಿಚ್ಚಿದವರು ಯಾರೋ, ತಿಂದವರು ಯಾರೋ, ನಾನು ಇವತ್ತಿನವರೆಗೆ ಕೇಳಿಲ್ಲ.

ಬಟ್ಟೆಯ ಮೇಲಿಂದಲೇ ಬೆರಳಾಡಿಸಿದೆ. ಫೈಲಿನ ಒಂದು ಮೂಲೆ ಸಿಕ್ಕಿತು. ಇನ್ನೊಂದು ಮೂಲೆಯೂ ಸಿಕ್ಕಿತು. ತಪಾಸಣೆ ಮುಗಿಯಿತೆಂದು ತಿಳಿದುಕೊಂಡೆ.

ಒಳಗಿಂದ ಕೂಸಿನ ಅಳು ಕೇಳಿತು. ನಾನು ಅಭ್ಯಾಸದಂತೆ ಗಡಿಯಾರ ನೋಡಿದೆ: ಆರೂ ಇಪ್ಪತ್ತೆರಡು. ರಹಮತ್‌ಬೀ ಹೊರಗೆ ಬಂದು ನನ್ನ ಎರಡೂ ಗಲ್ಲ ಹಿಡಿದರು. “ಹೆಣ್ಣು ಕೂಸರೀ! ನಿಮ್ಮ ಗಂಟಿನ ಬರ್ಕತ್, ಅದರ ಪುಣ್ಯಾ. ಒಯ್ಯಾಕ ಬಂದೀರೇನು?”

“ಇಲ್ರಿ,” ಎಂದೆ. ನನ್ನ ಬಾಯಿಂದಲೇ ಬಂತು. “ಕೂಸಿನ ಸುದ್ದಿ ಕೇಳಾಕ ಬಂದಿದ್ದೆ. ಅಮಾನತ್ ನಿಮ್ಮ ಹತ್ತರನs ಇರಲಿ. ನಾಳೆ ಮುಂಜಾನೆ ಆರೂಕಾಲಕ್ಕ ಇದs ರಸ್ತಾದಾಗ ಬರ್ತೀವಿ.”

“ಆರಕ್ಕs ಹೊರಗ ನಿಂತಿರ್ತೀನಿ. ನೀವು ತಡಾ ಮಾಡಿದ್ರೂ ಕಾಯ್ತೀನ್ರಿ. ನಾ ಏನು ವಸತಿ ನಿಲಯ ನಡಸಿಲ್ಲ,” ಎಂದು ಹೆರಿಗೆ ಕೋಣೆಯ ಬಾಗಿಲಲ್ಲೂ ನನ್ನನ್ನು ಬಿಡಲಿಲ್ಲ.

ಮೂವತ್ತೈದು ವರ್ಷದ ನೌಕರಿಯಲ್ಲಿ, ಒಂಬತ್ತು ವರ್ಷದ ನಿವೃತ್ತಿಯಲ್ಲಿ, ತೆಗೆದುಕೊಳ್ಳಲು ಹೋದದ್ದನ್ನು ತೆಗೆದುಕೊಳ್ಳದೆ ಬಂದದ್ದು ಅದೇ ಮೊದಲು. ತಿರುಗಿ ಬರುವ ಬಸ್ಸಿನಲ್ಲಿ ಕೈ ಹಗುರವಾಗಿತ್ತು. ಎಲ್ಲಿಡಬೇಕೆಂದು ತಿಳಿಯದೆ ಮುಂದಿನ ಸೀಟಿನ ಸರಳು ಹಿಡಿದು ಕುಳಿತೆ.

ಮನೆ ಸೇರಿದಾಗ ಎಂಟೂ ಕಾಲು. ಶಾಂತವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಮೊದಲು ನನ್ನ ಕೈ ನೋಡಿದಳು, ಆಮೇಲೆ ಕಂಕುಳು ನೋಡಿದಳು.

“ಗಂಟು?”

“ಮಾನ್ವ್ಯಾಗ ಅದ. ನಮ್ಮ ದಾರಿ ಹಿಡದs ಹೋಗ್ಯದ. ನಮಗಿಂತಾ ಚುರುಕ ಅದ.”

“ಬಿಚ್ಚಿದೇನು?”

“ಇಲ್ಲ.”

“ನೀ? ಬಿಚ್ಚಲಿಲ್ಲ?”

“ಮುಟ್ಟಿ ನೋಡಿದೆ,” ಎಂದೆ. ಸುಳ್ಳು ಹೇಳಿ ಅಭ್ಯಾಸವಿಲ್ಲ.

ಅವಳು ಬಹಳ ಹೊತ್ತು ನಕ್ಕಳು. ಕಣ್ಣು ಒರೆಸಿಕೊಂಡು ಒಳಗೆ ಹೋಗಿ ರೊಟ್ಟಿಯ ಬುತ್ತಿಯನ್ನು ಮತ್ತೆ ಕಟ್ಟಿದಳು, ಶೇಂಗಾ ಹಿಂಡಿಯ ಡಬ್ಬಿಯನ್ನು ಅದರ ಪಕ್ಕಕ್ಕಿಟ್ಟಳು. ರಹಮತ್‌ಬೀ ಮನೆಗೆ ಬಂದಾಗ ಕೂಸಿಗೆ ಕುಲಾಯಿ ಟೊಪ್ಪಿಗೆ ಹೊಲಿದು ಕೊಡಬೇಕೆಂದಳು. ಪಟ್ಟಿಯಲ್ಲಿ ಬರೆದುಕೊಂಡೆ, ವಾಪಸ್ ಬಂದ ಮೇಲೆ ಎಂದು.

ಉಳಿದದ್ದು ಸೀಟಿ. ಕಾಡಿನಲ್ಲಿ ಊದುವಂತಿಲ್ಲ, ನಿಯಮ. ಆದರೂ ಬೆಳಿಗ್ಗೆಯೇ ಪಟ್ಟಿಯಲ್ಲಿ ಬರೆದಿದ್ದೆ. ಅದನ್ನು ತಂದು ಅವಳ ಕೊರಳಿಗೆ ಹಾಕಿದೆ.

“ಇದ್ಯಾಕ ನನಗ?”

“ಸಮುದ್ರದ ದಂಡಿ ಮ್ಯಾಲೆ ಎಣಸೋದು ನಿನ್ನ ಕೆಲಸ. ನಾ ಈ ಸಲ ನೀರಿನ ಕಡಿ ಮಾರಿ ಮಾಡಿ ನಿಂದರಾಕಿ.”

“ಇಬ್ಬರನ್ನ ಏನಂತ ಎಣಸಲಿ?”

“ಎಣಸಾಕ ಹಗುರ ಅದ ಅಂತನs ನಿನಗ ಕೊಟ್ಟೀನಿ.”

ಸೆರಗಿನಿಂದ ಒರೆಸಿ, ಕೆನ್ನೆ ಉಬ್ಬಿಸಿ ಊದಿದಳು. ಮೊದಲು ಬರೀ ಗಾಳಿ. ಎರಡನೆಯ ಸಲ ಓಣಿಯ ನಾಯಿಗಳೆಲ್ಲ ಎದ್ದು ನಿಂತವು. ಎದುರು ಮನೆಯವರು ಬಾಗಿಲು ತೆರೆದು ಏನಾಯಿತೆಂದು ಕೇಳಿದರು. ಏನೂ ಇಲ್ಲ, ನಾಳೆ ಪ್ರಯಾಣ ಎಂದೆ.

ಹಾಸಿಗೆಯ ಮೇಲೆ ಅವಳು ಸೀಟಿಯನ್ನು ಕೊರಳಿನಿಂದ ತೆಗೆಯಲಿಲ್ಲ. ಹೊದ್ದುಕೊಂಡು, ಗೋಡೆಯ ಕಡೆ ತಿರುಗಿ, ನಿದ್ದೆಗಣ್ಣಿನಲ್ಲಿ ಅಂದಳು: “ಅಕ್ಕಾ, ಐದಂದ್ರ ಐದು. ತಡಾ ಮಾಡಿದ್ರ ನಾ ಊದಿ ಹೊಂಟು ಬಿಡಾಕಿ.”

ನಾಲ್ಕೂವರೆಗಿದ್ದ ಅಲಾರಾಮನ್ನು ನಾಲ್ಕೂ ಕಾಲಕ್ಕೆ ತಿರುಗಿಸಿದೆ, ಪಟ್ಟಿಯ ಕೊನೆಯ ಸಾಲಿಗೆ ಗುರುತು ಹಾಕಿದೆ, ಒಂಬತ್ತಕ್ಕೆ ಸರಿಯಾಗಿ ದೀಪ ಆರಿಸಿದೆ.